ಗುಟ್ಟಾಗಿ ತೆಗೆದ ಫೋಟೋ ಗುಂಪಿಗೆ ಬಿತ್ತು: ಜೊತೆಯ ವಾಲಂಟಿಯರ್ ತಪ್ಪು ಮಾಡಿದ್ರೆ ಹೇಳೋದು ಹೇಗೆ?

ಮುಲುಂಡ್ ಮಳೆ

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಮುಂಬೈ, ಪುಣೆ ಕಡೆಯ ಕನ್ನಡದವರೇ ಹೆಚ್ಚಿರೋ ಒಂದು ಚಾರಣ ಬಳಗದಲ್ಲಿ ನಾನು ವಾಲಂಟಿಯರ್. ಬಳಗದ ಹೆಸರು ಬೇಡ. ಮಳೆಗಾಲದಲ್ಲಿ ಕರ್ಜತ್ ಕಡೆಯ ಜಲಪಾತಗಳಲ್ಲಿ ರ‍್ಯಾಪ್ಲಿಂಗ್, ಅಂದ್ರೆ ಹಗ್ಗ ಹಿಡಿದು ಬಂಡೆ ಇಳಿಯೋದು, ಇಡ್ತೀವಿ. ಇದರಲ್ಲಿ ಯಾರಿಗೂ ಸಂಬಳ ಇಲ್ಲ. ಬಸ್ಸು, ಊಟ, ಸಾಮಾನಿನ ಬಾಡಿಗೆ ಕಳೆದು ಉಳಿದದ್ದು ಮುಂದಿನ ಚಾರಣಕ್ಕೆ.

ಕಳೆದ ಬ್ಯಾಚಿನಲ್ಲಿ ಕೆಳಗೆ ನಿಂತು ಬಿಲೇ ಹಿಡಿದಿದ್ದವರು ನಮ್ಮಲ್ಲೇ ಹಿರಿಯರು, ಎಲ್ಲರೂ ದಾದಾ ಅಂತಲೇ ಕರೆಯೋದು. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಮೇಲಿಂದ ಇಳಿಯೋರ ಕೈ ಜಾರಿದ್ರೆ ಕೆಳಗಿನವರು ಹಗ್ಗ ಜಗ್ಗಿ ಬಿಗಿ ಮಾಡ್ಬೇಕು, ಆಗ ಇಳಿಯೋರು ಇದ್ದಲ್ಲೇ ನಿಲ್ತಾರೆ. ಅದಕ್ಕೆ ಎರಡೂ ಕೈ ಹಗ್ಗದ ಮೇಲಿರ್ಬೇಕು. ದಾದಾ ಹಗ್ಗವನ್ನ ಕಂಕುಳಿಗೆ ಸಿಕ್ಕಿಸ್ಕೊಂಡು ಮೊಬೈಲಿನಲ್ಲಿ ರೀಲ್ ತೆಗೀತಿದ್ರು. "ದಾದಾ, ಹಗ್ಗ!" ಅಂತ ಕೂಗಿದೆ. ಮೊಬೈಲ್ ಜೇಬಿಗೆ ಹೋಯ್ತು. ಮುಂದಿನವರು ಇಳಿಯೋಕೆ ಶುರು ಮಾಡಿದ್ರು, ಮೊಬೈಲ್ ಮತ್ತೆ ಹೊರಗೆ ಬಂತು. ಆಗ ಬಂಡೆ ಮರೆಯಿಂದ, ಅವರಿಗೆ ಗೊತ್ತಾಗದ ಹಾಗೆ, ಫೋಟೋ ತೆಗೆದೆ. ಆಮೇಲೆ ಮೇಲೆ ಹತ್ತಿ ನೋಡಿದ್ರೆ ಹಗ್ಗ ಬಂಡೆಗೆ ಕೂರಿಸಿದ ಒಂದೇ ಬೋಲ್ಟಿನ ಮೇಲೆ ನಿಂತಿದೆ. ಎರಡನೇ ಆಂಕರ್‌ಗೆ, ಅಂದ್ರೆ ಹಗ್ಗಕ್ಕೆ ಇನ್ನೊಂದು ಆಸರೆ ಕಟ್ಟೋಕೆ, ಅಂತ ತಂದಿದ್ದ ಸ್ಲಿಂಗ್ ಪಟ್ಟಿ ಬ್ಯಾಗಿನಲ್ಲೇ ಇದೆ. ಅದರದ್ದೂ ತೆಗೆದೆ.

ರಾತ್ರಿ ಸಂಯೋಜಕರೊಬ್ಬರಿಗೇ ಕಳಿಸಿದೆ, ಬೇರೆ ಯಾರಿಗೂ ಇಲ್ಲ. ಅವರು ಬೆಳಿಗ್ಗೆ ಎದ್ದು ಎಲ್ಲವನ್ನೂ ವಾಲಂಟಿಯರ್ ಗುಂಪಿಗೆ ಹಾಕಿ "ಇದೇನಿದು, ಉತ್ತರ ಬೇಕು" ಅಂತ ಬರೆದ್ರು. ಮಧ್ಯಾಹ್ನದೊಳಗೆ ದಾದಾ ಮುಖ ಸ್ಟಿಕರ್ ಆಗಿತ್ತು, ಕೆಳಗೆ "ರೀಲ್ ಗುರು" ಅಂತ. ಸಂಜೆ ಹೊತ್ತಿಗೆ ಫೋಟೋ ತೆಗೆದದ್ದು ಯಾರು ಅನ್ನೋದೇ ಮಾತು. ಈಗ ನನ್ನನ್ನ ಸಿಐಡಿ ಅಂತ ಕರೀತಾರೆ, ಮುಂದಿನ ಬ್ಯಾಚಿನ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಬೋಲ್ಟಿನ ವಿಚಾರ ಒಬ್ಬರೂ ಎತ್ತಿಲ್ಲ.

ಗುಟ್ಟಾಗಿ ಫೋಟೋ ತೆಗೆದದ್ದೇ ತಪ್ಪಾ? ಫೋಟೋ ಇಲ್ದೆ ಬರೀ ಬಾಯಲ್ಲಿ ಹೇಳಿದ್ರೆ ಯಾರಾದ್ರೂ ನಂಬ್ತಿದ್ರಾ?

ಹಗ್ಗ ಗಂಟು

ಮೊದಲು ನಾನೊಂದು ಪ್ರಶ್ನೆ ಕೇಳ್ತೀನಿ. ನೀವು ಕ್ಯಾಮೆರಾ ತೆಗೆದಾಗ ಹಗ್ಗದ ಮೇಲೆ ಯಾರಾದ್ರೂ ಇದ್ರಾ?

ಮುಲುಂಡ್ ಮಳೆ

ಇದ್ರು, ಅರ್ಧ ಇಳಿದಿದ್ರು. ಫೋಟೋ ತೆಗೆದು ಎರಡನೇ ಸಲ ಕೂಗಿದೆ. ಆಗ "ಎಲ್ಲಾ ಕಂಟ್ರೋಲಲ್ಲಿದೆ, ನಿನ್ನ ಕೆಲಸ ನೋಡು" ಅಂದ್ರು.

ಹಗ್ಗ ಗಂಟು

ಎರಡನೇ ಸಲ ಮೊದಲು ಕೂಗಿ ಆಮೇಲೆ ಫೋಟೋ ತೆಗೀಬೇಕಿತ್ತು. ಇದನ್ನ ನಿಮ್ಮನ್ನ ಬೈಯೋಕೆ ಹೇಳ್ತಿಲ್ಲ, ಕ್ರಮ ಅಂತ ಒಂದಿದೆ. ಹಗ್ಗದ ಮೇಲೆ ಮನುಷ್ಯ ಇರುವಾಗ ನೋಡಿದವರು ಯಾರೇ ಆಗಿರ್ಲಿ, ಹೊಸಬರಾಗಿರ್ಲಿ, ಅಡುಗೆಯವರಾಗಿರ್ಲಿ, "ಸ್ಟಾಪ್" ಅನ್ನಬಹುದು. ಅಂದ ತಕ್ಷಣ ಎಲ್ಲ ನಿಲ್ಲಬೇಕು. ನಿಮ್ಮ ಬಳಗದಲ್ಲಿ ಈ ರೂಢಿ ಇಲ್ಲ ಅನ್ನೋದು ನನಗೆ ಬೋಲ್ಟಿಗಿಂತ ದೊಡ್ಡ ಸುದ್ದಿ.

ಇನ್ನು ಬೋಲ್ಟ್. ಒಂದೇ ಆಂಕರ್ ಮೇಲೆ ಜನರನ್ನ ಇಳಿಸೋದು ತಪ್ಪು ಅನ್ನೋದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಎರಡು ಆಂಕರ್ ಇರ್ಬೇಕು, ಒಂದು ಕಿತ್ತು ಬಂದ್ರೆ ಭಾರ ಇನ್ನೊಂದಕ್ಕೆ ಹೋಗೋ ಹಾಗೆ ಕಟ್ಟಿರ್ಬೇಕು. ಜಲಪಾತದಲ್ಲಂತೂ ಇನ್ನೂ ಹುಷಾರು ಬೇಕು. ನೈಲಾನ್ ಹಗ್ಗ ನೆನೆದ್ರೆ ಅದರ ಬಲ ಕುಗ್ಗುತ್ತೆ, ಭಾರ ಹೆಚ್ಚುತ್ತೆ. ಬಂಡೆಯ ಅಂಚಿಗೆ ಉಜ್ಜೋ ಕಡೆ ಪ್ಯಾಡ್ ಹಾಕದಿದ್ರೆ ಮೇಲಿನ ಕವಚ ಸವೆಯುತ್ತೆ. ಒಳಗಿನ ಎಳೆ ಹಾಳಾಗಿದ್ದು ಕಣ್ಣಿಗೆ ಕಾಣೋದೇ ಇಲ್ಲ; ಬೆರಳಲ್ಲಿ ಇಡೀ ಹಗ್ಗ ಸವರಿ ನೋಡಿದ್ರೆ ಒಂದು ಕಡೆ ಮೆತ್ತಗೆ, ಚಪ್ಪಟೆ ಸಿಗುತ್ತೆ.

ನಿಮ್ಮ ಪ್ರಶ್ನೆಗೆ ಬಂದ್ರೆ, ಬೋಲ್ಟಿನ ಫೋಟೋ ತೆಗೆಯೋಕೆ ಗುಟ್ಟು ಯಾಕೆ ಬೇಕು? ಅದು ನಾಚ್ಕೊಳ್ಳಲ್ಲ. ಎಲ್ಲರೆದುರಿಗೆ ತೆಗೀಬಹುದಿತ್ತು. ಬಿಲೇ ವಿಚಾರದಲ್ಲೂ ಕಂಕುಳಲ್ಲಿ ಹಗ್ಗ, ಕೈಯಲ್ಲಿ ಮೊಬೈಲ್, ಇಷ್ಟು ಫ್ರೇಮಿಗೆ ಬಂದಿದ್ರೆ ಸಾಕು. ಮುಖ ಬಂದ ಕೂಡ್ಲೇ ನೋಡೋರ ಕಣ್ಣು ಹಗ್ಗ ಬಿಟ್ಟು ಮುಖಕ್ಕೆ ಹೋಗುತ್ತೆ. ಹಾಗಾಗಿಯೇ ಸ್ಟಿಕರ್ ಆಯ್ತು, ಬೋಲ್ಟ್ ಮರೆತುಹೋಯ್ತು.

ಪುಣೆ ವಿಜಾಪುರ

ನಾ ಸ್ವಲ್ಪ ಬ್ಯಾರೆ ಹೇಳ್ತೀನ್ರಿ, ಸಿಟ್ ಆಗಬ್ಯಾಡ್ರಿ.

ದಾದಾ ಮಾಡಿದ್ದು ತಪ್ಪು, ಖರೇ ಐತಿ. ಆದ್ರ ಜೋಡಿ ಕೆಲಸ ಮಾಡೋರು ಒಬ್ರಿಗೊಬ್ರು ಕ್ಯಾಮೆರಾ ಹಿಡಕೊಂಡು ಕುಂತ್ರ ಯಾರ್ ಬರ್ತಾರ್ರಿ ಸೇವಾಕ್ಕ? ನಾ ಪಿಂಪ್ರಿಯೊಳಗ ರಕ್ತದಾನ ಶಿಬಿರ ಮಾಡಸ್ತೀನಿ, ಆಷಾಢದಾಗ ಪಂಢರಪುರಕ್ಕ ನಡಕೊಂಡು ಹೋಗೋ ವಾರಿ ಬಂದಾಗ ವಾರಕರಿಗಳಿಗೆ ನೀರು, ಚಾ ಕೊಡ್ತೀವಿ. ಪಗಾರ ಇಲ್ಲ, ಹಾರ ಇಲ್ಲ, ಇರೋದು ಬರೇ ನಂಬಿಕಿ. ನೌಕರಿಯೊಳಗ ಕ್ಯಾಮೆರಾ ಇದ್ರ ತಿಂಗಳಾ ಪಗಾರ ಬರ್ತದಂತ ಸಹಿಸ್ಕೋತಾರ. ಇಲ್ಲಿ ಯಾಕ ಸಹಿಸ್ಕೋಬೇಕು?

ಇನ್ನೊಂದು. 2024ರ ಜೂನ್ 30ಕ್ಕ ಲೋಣಾವಳಾದ ಭುಶಿ ಡ್ಯಾಮಿನ ಹಿಂದ ಒಂದೇ ಮನೀ ಐದು ಮಂದಿ ಕೊಚ್ಚಿಕೊಂಡು ಹೋದ್ರು. ಒಬ್ಬರನ್ನೊಬ್ರು ಅವಚಿಕೊಂಡು ನಿಂತ ಆ ವಿಡಿಯೋ ನೋಡದವರು ಪುಣೇದಾಗ ಯಾರೂ ಇಲ್ಲ. ನಮ್ಮ ಮನಿಯೊಳಗ ಸಣ್ಣ ಹುಡುಗ್ರು ಸುದ್ದಾ ನೋಡ್ಯಾರ. ಆ ಮಂದಿ ಬಳಗದವರು ಅದನ್ನ ಎಷ್ಟು ಸಲ ನೋಡಿರಬೇಕು? ತೆಗೆದವರಿಗೆ ಏನೂ ಅನ್ನಂಗಿಲ್ಲ ನಾನು, ದೂರ ಇದ್ರು, ಏನ್ ಮಾಡಾಕೂ ಆಗ್ತಿರಲಿಲ್ಲ. ಆದ್ರ ಕಳಿಸಿದವರ ಲೆಕ್ಕ ಇಟ್ಟವರು ಯಾರು?

ನನಗ ಕೇಳಿದ್ರ, ಚಾ ಕುಡಿಯೂ ಮುಂದ ಬಾಜೂಕ ಕರದು ಮಾರಿ ನೋಡಿ ಹೇಳಬೇಕಿತ್ತು. ಅಣ್ಣಾ, ಹಿಂಗ ಮಾಡಬ್ಯಾಡ, ಅಂತ.

ಮುಲುಂಡ್ ಮಳೆ

ವಿಜಾಪುರ ಅಣ್ಣ, ನಾನು ಎರಡು ಸಲ ಕೂಗಿ ಹೇಳಿದ್ದೆನಲ್ಲ. ಚಹಾ ಕುಡಿಯುವಾಗ ಹೇಳೋ ಮಾತನ್ನ ದಾದಾ ಹತ್ರ ಹೇಳಬೇಕಂದ್ರೆ ನಾನೂ ಅವರ ವಯಸ್ಸಿನವನಾಗಿರ್ಬೇಕು, ಅವರಷ್ಟೇ ಕೋಟೆ ಹತ್ತಿರ್ಬೇಕು. ನಾನು ಬಳಗಕ್ಕೆ ಸೇರಿ ಇದು ಎರಡನೇ ಮಳೆಗಾಲ.

ಕಾಂದಿವಲಿ ಕಾಫಿ

ಹೌದು. "ನೇರವಾಗಿ ಹೇಳಿ" ಅನ್ನೋರು ಯಾವಾಗ್ಲೂ ಸೀನಿಯರ್‌ಗಳೇ.

ಘಾಟ್ಕೋಪರ್ ಕುಡ್ಲ

ನಾನು ಫೋಟೋದ ಆ ಬದಿಯಲ್ಲಿ ಇದ್ದವ ಮಾರಾಯ್ರೆ, ಹಾಗಾಗಿ ಬರೀತೇನೆ.

ಗಣಪತಿ ವಿಸರ್ಜನೆಗೆ ನಾವು ಕೆಲವರು ಕೆರೆಯ ಬದಿಯಲ್ಲಿ ಸೇವೆಗೆ ನಿಲ್ಲುವುದುಂಟು. ಮೂರ್ತಿ ತೆಗೆದುಕೊಂಡು ಸೊಂಟದ ಮಟ್ಟದ ನೀರಿಗೆ ಇಳಿಯುವವರಿಗೆ ಲೈಫ್ ಜಾಕೆಟ್ ಕಡ್ಡಾಯ. ಒಂದು ಐದನೇ ದಿನದ ಗಣಪತಿ. ರಾತ್ರಿ ಹನ್ನೊಂದು ದಾಟಿರಬೇಕು, ಒಬ್ಬ ಹುಡುಗ ಮೂರ್ತಿಯ ಪೀಠ ಬಿಡದೆ ಅದರೊಟ್ಟಿಗೇ ಮುಂದೆ ಹೋದ. ನನ್ನ ಜಾಕೆಟ್ ಬಿಚ್ಚಿ ಅವನಿಗೆ ಹಾಕಿ ದಡಕ್ಕೆ ಕಳಿಸಿದೆ. ಮೂರ್ತಿಯ ಇನ್ನೊಂದು ಬದಿ ಬಿಡಲಿಕ್ಕೆ ಆಗುವುದಿಲ್ಲ, ಹಾಗಾಗಿ ಎರಡು ನಿಮಿಷ ಜಾಕೆಟ್ ಇಲ್ಲದೆ ನೀರಲ್ಲಿ ಇದ್ದೆ. ಆ ಎರಡು ನಿಮಿಷದಲ್ಲೇ ಯಾರೋ ಫೋಟೋ ಹೊಡೆದಿದ್ದಾರೆ. ಮರುದಿನ ಅದು "ವಾಲಂಟಿಯರ್‌ಗಳೇ ನಿಯಮ ಪಾಲಿಸುವುದಿಲ್ಲ" ಅಂತ ಸೊಸೈಟಿ ಗುಂಪು, ಊರಿನವರ ಗುಂಪು ಎಲ್ಲ ಕಡೆ ತಿರುಗಿತು. ಕಾರ್ಕಳದಿಂದ ಅಮ್ಮನ ಫೋನ್ ಬಂತು: "ನೀನು ಎಂತ ಕುಡಿದು ನೀರಿಗೆ ಇಳಿದದ್ದಾ?"

ಫೋಟೋದಲ್ಲಿ ಸುಳ್ಳಿಲ್ಲ. ಜಾಕೆಟ್ ಇರಲಿಲ್ಲ, ಹೌದು. ಆದರೆ ಯಾರೂ ನನ್ನ ಹತ್ರ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ, ಎರಡು ಜಾಕೆಟ್ ಹೆಚ್ಚು ಬೇಕು ಅಂತ ನಾವೇ ಮೊದಲು ಹೇಳಿದ್ದೆವು, ಬರಲಿಲ್ಲ ಅಂತ ಗೊತ್ತಾಗುತ್ತಿತ್ತು. ಅದು ನಿಜವಾದ ದೂರು ಆಗಬೇಕಿತ್ತು.

ಮುಲುಂಡ್‌ನವರು ಮಾಡಿದ್ದು ಬೇರೆ, ಅವರು ಒಬ್ಬರಿಗೇ ಕಳಿಸಿದ್ದು. ಗುಂಪಿಗೆ ಎಸೆದದ್ದು ಸಂಯೋಜಕರು. ಬೈಗುಳ ಅವರಿಗೆ ಹೋಗಬೇಕು.

ಮಾಟುಂಗಾ ಕರಿಕೋಟು

ವಕೀಲಿ ಮಾಡ್ತೀನಿ, ಆದ್ರೆ ಇದು ಸಲಹೆ ಅಲ್ಲ, ತಿಳಿವಳಿಕೆಗೆ ಅಷ್ಟೇ.

ಬಯಲು ಜಾಗದಲ್ಲಿ, ನಾಲ್ಕು ಜನ ನೋಡುವಲ್ಲಿ ಒಬ್ಬರ ಫೋಟೋ ತೆಗೆಯೋದನ್ನೇ ಅಪರಾಧ ಅನ್ನೋ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ನಮ್ಮವರು ಅಂತ ಹೆಮ್ಮೆಯಿಂದ ಹೇಳ್ಕೋಬಹುದು. ಆದ್ರೆ ಆ ಹಕ್ಕು ಮುಖ್ಯವಾಗಿ ಸರ್ಕಾರದ ಎದುರಿಗೆ. ಚಾರಣದ ದಾದಾ ಅದನ್ನ ಹಿಡ್ಕೊಂಡು ನಿಮ್ಮ ಮೇಲೆ ನೇರವಾಗಿ ಬರೋದು ಕಷ್ಟ.

ಗೆರೆ ಬೇರೆ ಕಡೆ ಇದೆ. ಒಬ್ಬರ ಗುಪ್ತಾಂಗದ ಚಿತ್ರ ಒಪ್ಪಿಗೆ ಇಲ್ಲದೆ ತೆಗೆದ್ರೆ, ಹಂಚಿದ್ರೆ ಐಟಿ ಕಾಯ್ದೆಯ 66ಇ, ಮೂರು ವರ್ಷದವರೆಗೆ ಜೈಲು. ತನ್ನನ್ನ ಯಾರೂ ನೋಡಲ್ಲ ಅಂತ ಒಬ್ಬ ಹೆಣ್ಣುಮಗಳು ನಂಬಿರುವ ಜಾಗದಲ್ಲಿ ಅವಳ ಖಾಸಗಿ ಕ್ಷಣದ ಚಿತ್ರ ತೆಗೆದ್ರೆ ಭಾರತೀಯ ನ್ಯಾಯ ಸಂಹಿತೆಯ 77. ಟೆಂಟು, ಬಟ್ಟೆ ಬದಲಾಯಿಸೋ ಮರೆ, ಇವೆಲ್ಲ ಆ ಲೆಕ್ಕಕ್ಕೆ ಬರೋ ಜಾಗಗಳು. ಅಲ್ಲಿ ಸುರಕ್ಷತೆ ಅನ್ನೋ ನೆಪ ನಡೆಯಲ್ಲ.

ನಿಮ್ಮ ಕೇಸಿಗೆ ಹತ್ತಿರದ್ದು ಮಾನಹಾನಿ, ಈಗ ಅದು ಸಂಹಿತೆಯ 356. ಅದರಲ್ಲೇ ಒಂದು ವಿನಾಯಿತಿ ಇದೆ: ಆ ವಿಷಯದಲ್ಲಿ ಅಧಿಕಾರ ಇರುವವರ ಮುಂದೆ ಸದ್ಭಾವನೆಯಿಂದ ಇಟ್ಟ ದೂರು ಮಾನಹಾನಿ ಆಗಲ್ಲ. ನೀವು ಸಂಯೋಜಕರಿಗೆ ಕಳಿಸಿದ್ದು ಈ ನೆರಳಿನ ಕೆಳಗೆ ನಿಲ್ಲುತ್ತೆ ಅಂತ ವಾದಿಸ್ಬಹುದು. ಅವರು ಗುಂಪಿಗೆ ಹಾಕಿದ್ದು ನಿಲ್ಲುತ್ತಾ? ಗುಂಪಿನಲ್ಲಿರೋರೆಲ್ಲ ದಾದಾ ಮೇಲೆ ಕ್ರಮ ತಗೊಳ್ಳೋ ಅಧಿಕಾರಿಗಳಲ್ಲವಲ್ಲ. ಸ್ಟಿಕರ್ ಮಾಡಿದವರ ವಿಚಾರ ನಾನು ಹೇಳೋದೇ ಬೇಡ.

ದಾಖಲೆಯ ದೃಷ್ಟಿಯಿಂದ ಒಂದು ಮಾತು. ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದ ಫೋಟೋ ಕುಗ್ಗುತ್ತೆ, ಯಾವಾಗ ಎಲ್ಲಿ ತೆಗೆದದ್ದು ಅನ್ನೋ ವಿವರ ಕಳಚಿಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಮೂಲ ಫೈಲ್ ಹಾಗೇ ಹೋಗುತ್ತೆ. ಮುಂದೆ ಕೋರ್ಟಿಗೆ ಹೋಗೋ ಮಾತಾದ್ರೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಹಾಗಾಗಿ ಮೂಲ ಫೋಟೋ ತೆಗೆದ ಫೋನಿನಲ್ಲೇ ಇರಲಿ, ತಿದ್ದಬೇಡಿ. ಬೇರೆಯವರ ಮುಖ ಮುಚ್ಚೋದಿದ್ರೆ ಪ್ರತಿಯಲ್ಲಿ ಮುಚ್ಚಿ.

ಬೊರಿವಲಿ ತಾಯಿ

ಇಷ್ಟು ದಿನ ಓದ್ತಾ ಮಾತ್ರ ಇದ್ದೆ. ಇವತ್ತು ಬರೀಲೇಬೇಕು ಅನ್ನಿಸ್ತು.

ಆ ಫೋಟೋ ನಾನು ನೋಡಿದೀನಿ. ನಮ್ಮ ಯಜಮಾನರು ಆ ಗುಂಪಿನಲ್ಲಿದ್ದಾರೆ. ಎಲ್ಲರೂ ಹಗ್ಗ, ದಾದಾ ಅಂತಿದ್ದೀರಿ. ಫೋಟೋದ ಎಡ ಮೂಲೆಯಲ್ಲಿ, ನೀಲಿ ತಾಡಪತ್ರಿ ಪಕ್ಕ, ಟವೆಲ್ ಹೊದ್ದು ತಲೆ ಒರೆಸ್ಕೊಳ್ತಾ ನಿಂತಿರೋಳು ನನ್ನ ಮಗಳು. ಹತ್ತನೇ ಕ್ಲಾಸು. ಮೈಗಂಟಿದ ಒದ್ದೆ ಬಟ್ಟೆ. ಅವಳಿಗೂ ಗೊತ್ತಿರಲಿಲ್ಲ, ಫೋಟೋ ತೆಗೆದವರಿಗೂ ಗೊತ್ತಿರಲಿಲ್ಲ ಅಂತ ಇಟ್ಕೊಳ್ಳೋಣ. ಗುಂಪಿನಲ್ಲಿ ಎಷ್ಟು ಜನ ಅದನ್ನ ದೊಡ್ಡದು ಮಾಡಿ ನೋಡಿದ್ರೋ, ಅದು ನನಗೆ ಹೇಗೆ ಗೊತ್ತಾಗ್ಬೇಕು? ಅವಳು ಮುಂದಿನ ಚಾರಣಕ್ಕೆ ಬರಲ್ಲ ಅಂತಿದ್ದಾಳೆ. ಕಾರಣ ಕೇಳಿದ್ರೆ ಹೇಳಲ್ಲ.

ದಾದಾ ಮೇಲೆ ನನಗೂ ಸಿಟ್ಟಿದೆ. ಆ ಹಗ್ಗದ ಮೇಲೆ ನನ್ನ ಮಗಳೂ ಇಳಿದಳಲ್ಲ. ದೂರು ಕೊಡಬೇಡಿ ಅಂತ ನಾನು ಹೇಳೋದಿಲ್ಲ. ಆದ್ರೆ ಅವಳ ಜೀವ ಉಳಿಸೋಕೆ ತೆಗೆದ ಫೋಟೋದಲ್ಲಿ ಅವಳ ಮಾನದ ಲೆಕ್ಕ ಯಾರೂ ಹಾಕಲಿಲ್ಲ.

ಮುಲುಂಡ್ ಮಳೆ

ಅಕ್ಕ, ಈಗಷ್ಟೇ ಸಂಯೋಜಕರಿಗೆ ಫೋನ್ ಮಾಡಿದೆ. ಗುಂಪಿನಿಂದ ತೆಗೆಸ್ತಿದ್ದೀನಿ. ನಿಮ್ಮ ಹತ್ರ ಬೇರೆಯಾಗಿ ಮಾತಾಡ್ತೀನಿ.

ಕಾಂದಿವಲಿ ಕಾಫಿ

ಎಲ್ಲರಿಗೂ ಅಳಿಸೋದಕ್ಕೆ ಎರಡು ದಿನ ಚಿಲ್ಲರೆ ಮಾತ್ರ ಅವಕಾಶ ಇರೋದು, ಬೇಗ ಮಾಡಿಸಿ. ಗುಂಪಿನ ಅಡ್ಮಿನ್ ಬೇರೆಯವರ ಸಂದೇಶವನ್ನೂ ಅಳಿಸಬಹುದು. ಆದ್ರೆ ಯಾರ ಫೋನಿನಿಂದಾದ್ರೂ ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ರೆ ಅಲ್ಲಿ ಉಳಿಯುತ್ತೆ. ಸಂಯೋಜಕರ ಫೋನಿನಲ್ಲಿ ಮೊದಲು ನೋಡಿ. "ಒಮ್ಮೆ ಮಾತ್ರ ನೋಡಿ" ಅನ್ನೋ ಆಯ್ಕೆಯಲ್ಲಿ ಕಳಿಸಿದ್ರೆ ಆಗ್ತಿತ್ತಲ್ಲ ಅಂತ ಯಾರಾದ್ರೂ ಹೇಳೋ ಮೊದಲೇ ಹೇಳ್ತೀನಿ: ಅದು ದೂರಿಗೆ ಆಗಿಬರಲ್ಲ. ನೋಡಿದ ಮೇಲೆ ಮಾಯ ಆಗುತ್ತೆ, ಮರುದಿನ "ಏನೂ ಬಂದಿಲ್ಲ" ಅಂದ್ರೆ ಮುಗೀತು.

ಇನ್ನೊಂದು, ಮುಖ ಮುಚ್ಚೋಕೆ ಫೋನಿನ ಹೈಲೈಟರ್ ಬ್ರಷ್ ಬಳಸಬೇಡಿ. ಕಪ್ಪಗೆ ಕಂಡ್ರೂ ಅದು ಪಾರದರ್ಶಕ. ಬೆಳಕು ಹೆಚ್ಚಿಸಿದ್ರೆ ಕೆಳಗಿರೋದು ಕಾಣುತ್ತೆ. ಗಟ್ಟಿ ಬಣ್ಣದ ಚೌಕ ಹಾಕಿ, ಇಲ್ಲಾ ಆ ಭಾಗವನ್ನೇ ಕತ್ತರಿಸಿ.

ಮಾಟುಂಗಾ ಕರಿಕೋಟು

ತಾಯಿಯವರ ಮಾತಿಗೆ ಸೇರಿಸ್ತೀನಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಪ್ರಕಾರ ಹದಿನೆಂಟು ತುಂಬದವರ ಮಾಹಿತಿ ಬಳಸೋಕೆ ಹೆತ್ತವರ ಒಪ್ಪಿಗೆ ಬೇಕು. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಮುಖ್ಯ ಹೊಣೆಗಳು ಜಾರಿಗೆ ಬರೋಕೆ 18 ತಿಂಗಳ ಗಡುವು. ಒಬ್ಬ ವ್ಯಕ್ತಿ ತನ್ನ ಮನೆಯ ಬಳಕೆಗೆ ಇಟ್ಕೊಂಡ ಫೋಟೋಕ್ಕೆ ಆ ಕಾಯ್ದೆ ತಗುಲಲ್ಲ. ಆದ್ರೆ ಬಳಗ ಅಂತ ನೋಂದಣಿ ಮಾಡಿಸಿ, ಫಾರಂ ತುಂಬಿಸಿ, ಮಕ್ಕಳ ಫೋಟೋ ಇಟ್ಕೊಳ್ಳೋರು "ನಾವು ಸುಮ್ಮನೆ ಗೆಳೆಯರ ಗುಂಪು" ಅಂತ ಇನ್ನು ಮುಂದೆ ಹೇಳೋಕಾಗಲ್ಲ. ವರ್ಷದ ಕೊನೆಗೆ ಮಾಡೋ ಆ ಫೋಟೋ ಆಲ್ಬಂ, ಫೇಸ್‌ಬುಕ್ ಪುಟ, ಎಲ್ಲದಕ್ಕೂ ಇದು ಅನ್ವಯ ಆಗೋ ಮಾತು, ಬರೀ ದೂರಿಗಲ್ಲ. ಬಳಗದವರು ಈಗಲೇ ಯೋಚಿಸಿದ್ರೆ ಒಳ್ಳೇದು.

ಡೊಂಬಿವಲಿ ಮೇಷ್ಟ್ರು

ಚುನಾವಣೆ ಡ್ಯೂಟಿ ಮಾಡಿದವನು ನಾನು, ಅಲ್ಲಿಂದ ಒಂದು ಉದಾಹರಣೆ ಕೊಡ್ತೇನೆ. ಚುನಾವಣಾ ಆಯೋಗ 2018ರಲ್ಲಿ ತಂದ ಸಿ-ವಿಜಿಲ್ ಆ್ಯಪ್ ನೋಡಿರಬಹುದು. ಹಣ ಹಂಚಿದರೆ, ಹೆಂಡ ಹಂಚಿದರೆ ನಾಗರಿಕರು ಫೋಟೋ ತೆಗೆದು ಕಳಿಸಬಹುದು. ಅದು ಗುಟ್ಟಿನ ಫೋಟೋವೇ ಅಲ್ಲವೇ? ಹಣ ಹಂಚುವವನ ಅನುಮತಿ ಕೇಳಿ ಯಾರು ತೆಗೆಯುತ್ತಾರೆ!

ಆದರೆ ಅದನ್ನು ಹೇಗೆ ಕಟ್ಟಿದ್ದಾರೆ ಎಂಬುದು ನೋಡಬೇಕಾದ್ದು. ಗ್ಯಾಲರಿಯಲ್ಲಿರುವ ಹಳೇ ಫೋಟೋ ಹಾಕಲು ಬರುವುದಿಲ್ಲ, ಆ್ಯಪ್ ಒಳಗಿನ ಕ್ಯಾಮೆರಾದಿಂದಲೇ ತೆಗೆಯಬೇಕು. ವಿಡಿಯೋ ಎರಡು ನಿಮಿಷ ಮೀರುವಂತಿಲ್ಲ. ಜಾಗದ ಗುರುತು ತಾನೇ ಸೇರುತ್ತದೆ. ಹೆಸರು ಹೇಳದೆ ಕಳಿಸಬಹುದು. ನೇರವಾಗಿ ಆ ಕ್ಷೇತ್ರದ ತಂಡಕ್ಕೆ ಹೋಗುತ್ತದೆ, 100 ನಿಮಿಷದೊಳಗೆ ಒಂದು ತೀರ್ಮಾನಕ್ಕೆ ಬರಬೇಕೆಂಬ ಗಡುವು ಇದೆ. ಪಕ್ಕದ ಮನೆಯವರಿಗೆ, ಸೋದರಮಾವನ ಗುಂಪಿಗೆ ಹೋಗುವುದಿಲ್ಲ.

ನಿಮ್ಮ ಬಳಗಕ್ಕೆ ಆ್ಯಪ್ ಬೇಡ. ಎರಡು ಜನರನ್ನು ಗೊತ್ತು ಮಾಡಿ, ಅದರಲ್ಲಿ ಒಬ್ಬರು ಚಾರಣದ ತಂಡದಲ್ಲಿ ಇಲ್ಲದವರಾಗಿರಲಿ. ಒಬ್ಬರು ಹೆಣ್ಣುಮಕ್ಕಳಾಗಿರಲಿ. ಫೋಟೋ ಅವರಿಗೆ ಮಾತ್ರ.

ಹಗ್ಗ ಗಂಟು

ಮೇಷ್ಟ್ರೇ, ನೂರು ನಿಮಿಷ ಚುನಾವಣೆಗೆ ಸರಿ. ಬಂಡೆ ಮೇಲೆ ನೂರು ನಿಮಿಷ ಇಲ್ಲ, ಹತ್ತು ಸೆಕೆಂಡೂ ಇಲ್ಲ. ಹಾಗಾಗಿ ಫೋಟೋ ಅನ್ನೋದು ಮುಂದಿನ ಬ್ಯಾಚಿಗೆ, ಈ ಬ್ಯಾಚಿಗೆ ಗಂಟಲು. ಇವೆರಡನ್ನ ಬೆರೆಸಬೇಡಿ.

ರನ್‌ವೇ 27

ವಿಮಾನ ನಿರ್ವಹಣೆಯಲ್ಲಿ ಕೆಲಸ. ನಮ್ಮಲ್ಲಿ ಈ ಜಗಳ ಎಂದೋ ಆಗಿ ಹೋಗಿದೆ, ಅದಕ್ಕೆ ಹೇಳ್ತೀನಿ.

1976ರಿಂದ ಅಮೆರಿಕದಲ್ಲಿ ಒಂದು ವ್ಯವಸ್ಥೆ ನಡೀತಿದೆ. ಪೈಲಟ್, ಮೆಕ್ಯಾನಿಕ್, ಕಂಟ್ರೋಲರ್, ಯಾರಾದ್ರೂ ತಾವು ಕಂಡ ಅಥವಾ ತಾವೇ ಮಾಡಿದ ಸುರಕ್ಷತೆಯ ಎಡವಟ್ಟು ಬರೆದು ಕಳಿಸಬಹುದು. ವಿಶೇಷ ಏನಂದ್ರೆ ಅದನ್ನ ನಡೆಸೋದು ಲೈಸೆನ್ಸ್ ಕೊಡೋ ಇಲಾಖೆ ಅಲ್ಲ, ನಾಸಾ. ದಂಡ ಹಾಕೋ ಕೈ ಬೇರೆ, ದೂರು ಓದೋ ಕಣ್ಣು ಬೇರೆ. ಓದಿದ ಮೇಲೆ ಹೆಸರು ಇರೋ ಚೀಟಿಯನ್ನ ಕಳಿಸಿದವರಿಗೇ ವಾಪಸ್ ಕೊಡ್ತಾರೆ, ಉಳಿದ ವರದಿಯಿಂದ ಗುರುತು ಎಲ್ಲ ತೆಗೀತಾರೆ. ಬೇಕಂತಲೇ ಮಾಡದ ತಪ್ಪನ್ನ ಹತ್ತು ದಿನದೊಳಗೆ ತಾನೇ ವರದಿ ಮಾಡಿದವರಿಗೆ ಶಿಕ್ಷೆಯಲ್ಲಿ ರಿಯಾಯಿತಿ ಸಿಗುತ್ತೆ. ಅಪಘಾತ, ಅಪರಾಧ ಇದರಲ್ಲಿ ಬರಲ್ಲ.

ಇದರ ಲಾಭ? ದಾದಾನಂಥವರೇ ಬರೀತಾರೆ. "ನಾನು ಬಿಲೇ ಹಿಡಿದು ಬೇಸರ ಬಂದು ಮೊಬೈಲ್ ತೆಗೆದೆ" ಅಂತ. ಯಾಕೆ ಬೇಸರ? ಬೆಳಿಗ್ಗೆಯಿಂದ ಒಬ್ಬರೇ ನಿಂತಿದ್ರು, ಬದಲಿ ಇರಲಿಲ್ಲ. ಅದು ಗೊತ್ತಾದ್ರೆ ಸರದಿ ಇಡ್ತೀರಿ. ಫೋಟೋದಲ್ಲಿ ದಾದಾ ಕಾಣ್ತಾರೆ, ಬದಲಿ ಇಲ್ಲದಿದ್ದದ್ದು ಕಾಣಲ್ಲ. ಕುಡ್ಲದವರ ಲೈಫ್ ಜಾಕೆಟ್ ಕಥೆಯೂ ಅದೇ.

ಮುಲುಂಡ್‌ನವರೇ, ದಾದಾ ಎಷ್ಟು ಹೊತ್ತಿನಿಂದ ನಿಂತಿದ್ರು ಅಂತ ಯಾರಾದ್ರೂ ಕೇಳಿದ್ರಾ?

ಮುಲುಂಡ್ ಮಳೆ

ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಶುರು, ನಾನು ಫೋಟೋ ತೆಗೆದದ್ದು ಎರಡೂವರೆಗೆ. ಊಟಕ್ಕೂ ಬಿಟ್ಟಿರಲಿಲ್ಲ ಅಂತ ಈಗ ಹೊಳೀತಿದೆ. ವಡಾಪಾವ್ ಅಲ್ಲೇ ತಂದು ಕೊಟ್ಟಿದ್ರು.

ಪುಣೆ ವಿಜಾಪುರ

ನೋಡ್ರಿ, ಇದನ್ನ ಹೇಳೋದಿತ್ತು ನನಗ! ಐದು ತಾಸಿನ ಮ್ಯಾಲ ಒಂದೇ ಜಾಗಾದಾಗ ನಿಂತ ಮನಷ್ಯಾಗ ನೀವು ಸ್ಟಿಕರ್ ಮಾಡೀರಿ.

ಆದ್ರ ರನ್‌ವೇ ಸಾಹೇಬ್ರ, ಹೆಸರಿಲ್ಲದ ದೂರಿಗೆ ನಾ ಒಪ್ಪಂಗಿಲ್ಲ. ಅಮೆರಿಕಾದಾಗ ಹೆಸರು ತೆಗದ ಮ್ಯಾಲ ಸಾವಿರಾರು ಪೈಲಟ್ ಒಳಗ ಯಾರಂತ ತಿಳಿಯಂಗಿಲ್ಲ. ನಮ್ಮ ಬಳಗದಾಗ ಕೆಳಗ ನಿಂತವ್ರು ನಾಕು ಮಂದಿ. ಹೆಸರು ಬರೀಲಿಕ್ಕರ ಬಿಡ್ರಿ, ಯಾವ ದಿಕ್ಕಿನಿಂದ ಫೋಟೋ ಬಿತ್ತು ಅಂತ ನೋಡಿದ್ರ ಸಾಕು, ಯಾರಂತ ಗೊತ್ತಾಗ್ತದ. ಮತ್ತ ಹೆಸರಿಲ್ಲದ ದೂರು ಅಂದ್ರ ಹಳೇ ಜಗಳ ತೀರಿಸ್ಕೊಳ್ಳೋರಿಗೆ ಹಬ್ಬ. ಸಂಘದ ಚುನಾವಣಿ ಮುಂದ ಎಂತೆಂಥಾ ಕಾಗದ ಬರ್ತಾವ, ನೋಡೀನಿ.

ರನ್‌ವೇ 27

ಅದು ಒಪ್ಪೋ ಮಾತು. ಸಣ್ಣ ಗುಂಪಿನಲ್ಲಿ ಪೂರ್ತಿ ಅನಾಮಿಕ ಅನ್ನೋದು ಬರೀ ಮಾತಿಗೆ. ಹಾಗಾದ್ರೆ ಅನಾಮಿಕ ಬೇಡ, ಗೌಪ್ಯ ಸಾಕು: ಓದೋ ಇಬ್ಬರಿಗೆ ಹೆಸರು ಗೊತ್ತು, ಉಳಿದವರಿಗೆ ಇಲ್ಲ. ಹೆಸರು ಹೊರಗೆ ಹಾಕಿದವರು ಆ ಕೆಲಸದಿಂದ ಇಳಿಯಬೇಕು.

ಘಾಟ್ಕೋಪರ್ ಕುಡ್ಲ

ಮತ್ತೊಂದು ಸೇರಿಸಿ. ಫೋಟೋದಲ್ಲಿ ಇದ್ದವನಿಗೆ ಮೊದಲು ತೋರಿಸಬೇಕು. ಸಮಿತಿಗೆ ಹೋಗುವ ಮೊದಲೇ ಅಂತಲ್ಲ, ತೀರ್ಮಾನ ಆಗುವ ಮೊದಲು. "ಇದು ನೀವಾ? ಎಂತ ಆಗಿತ್ತು?" ಇಷ್ಟೇ.

ಬೊರಿವಲಿ ತಾಯಿ

ಫೋಟೋದಲ್ಲಿ ಬೇರೆ ಯಾರಿದ್ದಾರೋ ಅವರಿಗೂ. ಮಕ್ಕಳಿದ್ರೆ ಮನೆಯವರಿಗೆ.

ನಮ್ಮ ಮನೆಯ ಸುದ್ದಿ ಕೇಳಿದವರಿಗೆ: ಗುಂಪಿನಿಂದ ಫೋಟೋ ಹೋಯ್ತು. ಸಂಯೋಜಕರ ಹೆಂಡತಿ ಫೋನ್ ಮಾಡಿ ಮಗಳ ಹತ್ರ ತುಂಬಾ ಹೊತ್ತು ಮಾತಾಡಿದ್ರು. ಏನು ಮಾತಾಡಿದ್ರೋ, ನಾನು ಕೇಳೋಕೆ ಹೋಗಲಿಲ್ಲ.

ಮುಲುಂಡ್ ಮಳೆ

ಭಾನುವಾರ ದಾದರ್‌ನಲ್ಲಿ ಕೂತಿದ್ವಿ. ದಾದಾನೂ ಬಂದಿದ್ರು. ಮೊದಲ ಅರ್ಧ ಗಂಟೆ ಜೋರು ಮಾತೇ. ಆಮೇಲೆ ಬೋಲ್ಟಿನ ಫೋಟೋವನ್ನ, ಅದೊಂದನ್ನೇ, ಟಿವಿಯಲ್ಲಿ ದೊಡ್ಡದಾಗಿ ಹಾಕಿದ್ರು. ಅದನ್ನ ನೋಡಿ ದಾದಾನೇ "ಎರಡನೇ ಸ್ಲಿಂಗ್ ಎಲ್ಲಿ?" ಅಂತ ಕೇಳಿದ್ರು. ಅವರು ಕೆಳಗಿದ್ದವರು, ಮೇಲಿನದ್ದು ಅವರಿಗೆ ಗೊತ್ತೇ ಇರಲಿಲ್ಲ. ಮೇಲೆ ಕಟ್ಟಿದವರು ಬೇರೆ ಇಬ್ಬರು, ಅವರು ಸುಮ್ಮನೆ ಕೂತಿದ್ರು. ರ‍್ಯಾಪ್ಲಿಂಗ್ ಮುಂದಿನ ಎರಡು ಬ್ಯಾಚ್ ಬಂದ್. ಬಿಲೇಗೆ ಗಂಟೆಗೊಮ್ಮೆ ಸರದಿ. ನನ್ನ ಮೇಲೆ ದಾದಾಗೆ ಸಿಟ್ಟು ಹೋಗಿಲ್ಲ, ಹೋಗಬೇಕು ಅಂತ ನಾನೂ ಕೇಳ್ಕೊಂಡಿಲ್ಲ.

ದೂರಿನ ನಿಯಮ ಬರೆಯೋ ಕೆಲಸ ನನ್ನ ತಲೆಗೇ ಬಂತು. ನೀವೆಲ್ಲ ಹೇಳಿದ್ದನ್ನ ಸೇರಿಸಿ ಕರಡು ಮಾಡಿದೀನಿ, ನೋಡಿ:

"ಅಪಾಯ ಕಂಡವರು ಮೊದಲು ಸ್ಟಾಪ್ ಅನ್ನಬೇಕು, ಅಂದವರ ಮೇಲೆ ಯಾರೂ ರೇಗುವಂತಿಲ್ಲ. ಫೋಟೋ ತೆಗೆದರೆ ಸಾಮಾನಿನದ್ದು, ಕೈಯದ್ದು. ಮುಖ ಅನಿವಾರ್ಯವಾದರೆ ಮಾತ್ರ. ಟೆಂಟ್, ಬಟ್ಟೆ ಬದಲಾಯಿಸುವ ಜಾಗ, ಸ್ನಾನದ ಜಾಗದ ಕಡೆ ಯಾವ ಕಾರಣಕ್ಕೂ ಕ್ಯಾಮೆರಾ ತಿರುಗಬಾರದು. ಅಲ್ಲಿ ಅಪಾಯ ಕಂಡರೆ ಬಾಯಲ್ಲಿ ಹೇಳಬೇಕು, ಬರೆದು ಕೊಡಬೇಕು. ಫೋಟೋ ಇಬ್ಬರಿಗೆ ಮಾತ್ರ, ಡಾಕ್ಯುಮೆಂಟ್ ಆಗಿ. ಫೋಟೋದಲ್ಲಿದ್ದವರ ಮಾತು ಕೇಳದೆ ತೀರ್ಮಾನ ಇಲ್ಲ. ವಿಷಯ ಮುಗಿದ ಮೇಲೆ ಆ ಇಬ್ಬರೂ ಅಳಿಸಬೇಕು. ಫೋಟೋ ಇಲ್ಲ ಅನ್ನೋ ಕಾರಣಕ್ಕೆ ಯಾವ ದೂರನ್ನೂ ತಳ್ಳಿಹಾಕುವಂತಿಲ್ಲ."

ಮಾಟುಂಗಾ ಕರಿಕೋಟು

"ವಿಷಯ ಮುಗಿದ ಮೇಲೆ ಅಳಿಸಬೇಕು" ಬೇಡ. ಯಾರಿಗಾದ್ರೂ ಪೆಟ್ಟಾಗಿದ್ರೆ, ಪೊಲೀಸ್ ದೂರು ಆಗಿದ್ರೆ ಅದು ಸಾಕ್ಷಿ, ಅಳಿಸಿದವರೇ ಸಿಕ್ಕಿಹಾಕ್ಕೊಳ್ತಾರೆ. "ಪೆಟ್ಟು, ಪೊಲೀಸ್, ವಿಮೆ ಇಲ್ಲದ ಪ್ರಕರಣದಲ್ಲಿ" ಅಂತ ಸೇರಿಸಿ.

ಬೊರಿವಲಿ ತಾಯಿ

ಪೆಟ್ಟಾದ ಪ್ರಕರಣದಲ್ಲೂ ಮಕ್ಕಳ ಮುಖ ಇರೋ ಪ್ರತಿ ಇಟ್ಕೊಳ್ಳೋದು ಯಾರು, ಅದನ್ನೂ ಬರೀರಿ. ಇಬ್ಬರಲ್ಲಿ ಯಾರ ಫೋನಿನಲ್ಲಿ, ಎಷ್ಟು ದಿನ.

ಪುಣೆ ವಿಜಾಪುರ

"ಮುಖ ಅನಿವಾರ್ಯವಾದರೆ" ಅಂದ್ರ ಏನ್ರಿ? ಅನಿವಾರ್ಯ ಅಂತ ಯಾರು ಹೇಳೋರು, ಫೋಟೋ ಹೊಡೆಯೋನಾ? ಆ ಸಾಲು ಹೊಡದ್ ಹಾಕ್ರಿ.

ಮುಲುಂಡ್ ಮಳೆ

ವಕೀಲರದ್ದು, ಅಕ್ಕನದ್ದು ಸೇರಿಸ್ತೀನಿ. ವಿಜಾಪುರ ಅಣ್ಣ, ನಿಮ್ಮದು ಆಗಲ್ಲ. ಯಾರೋ ಕುಡಿದು ಹಗ್ಗ ಹಿಡಿದಿದ್ದಾರೆ ಅಂದ್ರೆ ಬರೀ ಕೈ ತೋರಿಸಿ ಏನು ಹೇಳೋದು? ಆ ಸಾಲು ಇರುತ್ತೆ.

ಪುಣೆ ವಿಜಾಪುರ

ಆಗ್ಲಿ, ಇರ್ಲಿ. ಆದ್ರ ನಾ ಮೀಟಿಂಗಿಗೆ ಬಂದು ವಿರೋಧ ಮಾಡಾಂವ. ಮುಂದಿನ ಮೀಟಿಂಗ್ ದಾದರ್‌ದಾಗೋ, ಪುಣೇದಾಗೋ? ಪುಣೇದಾಗ ಇಟ್ರ ಊಟ ನನ್ನ ಕಡೆ.